ಗುಂಡುಮಾಲಿನ ಹಲ್ಲುಕಲ್ಲು

2008ರಲ್ಲಿ ನಾನೊಂದು ತಪ್ಪು ಬರೆದೆ. ನಮ್ಮ ಸೀಮೆಯ ಒಂದು ಶಾಲೆಯವರು ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಕೇಳಿದ್ದರು. ಬಿ.ಎ.ಯಲ್ಲಿ ಇತಿಹಾಸ ಓದಿದವನು, ಬ್ಯಾಂಕಿನ ಗುಮಾಸ್ತಗಿರಿಯಲ್ಲಿ ಆ ಓದಿಗೆ ಬೇರೆ ಉಪಯೋಗವೂ ಇರಲಿಲ್ಲ. ಉತ್ಸಾಹದಿಂದ "ಗುಂಡುಮಾಲಿನಲ್ಲಿ ಸಮುದ್ರವಿತ್ತು" ಎಂಬ ತಲೆಬರಹ ಕೊಟ್ಟು ಎರಡು ಪುಟ ಬರೆದೆ. ನನ್ನ ಬಳಿಯಿದ್ದ ಆಧಾರ ಒಂದೇ: ನಮ್ಮ ಮನೆಯಲ್ಲಿದ್ದ ಒಂದು ಶಾರ್ಕ್ ಹಲ್ಲಿನ ಪಳೆಯುಳಿಕೆ. ಸಂಚಿಕೆ ಹೊರಬಂದ ಮೇಲೆ ಜನ ಮೆಚ್ಚಿದರು. ಶಾಲೆಯ ರಸಪ್ರಶ್ನೆಯಲ್ಲಿ ಅದೊಂದು ಪ್ರಶ್ನೆಯೂ ಆಯಿತು. "ನಮ್ಮೂರು ಒಂದಾನೊಂದು ಕಾಲಕ್ಕೆ ಏನಾಗಿತ್ತು?" ಎಂದು ಗುರುಗಳು ಕೇಳಿದರೆ "ಸಮುದ್ರದ ತಳ" ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಿದ್ದರು. ಅದು ನಿಜವಲ್ಲ ಎಂದು ನನಗೆ ತಿಳಿಯಲು ಹತ್ತು ವರ್ಷ ಹಿಡಿಯಿತು. ಆ ಲೆಕ್ಕವನ್ನು ತಿದ್ದಿ ಬರೆಯುವುದಕ್ಕಾಗಿ ಈ ಲೇಖನ.

ಗುಂಡುಮಾಲ್ ಎಂಬ ಹೆಸರು ಕಾಸರಗೋಡಿನ ಕಡೆಯ ಓದುಗರಿಗೆ ಹೊಸದಿರಬಹುದು. ಅದು ಇಂದಿನ ತೆಲಂಗಾಣದ ನಾರಾಯಣಪೇಟ ಜಿಲ್ಲೆಯಲ್ಲಿದೆ. ಜಿಲ್ಲೆ ಹೊಸದು, 2019ರ ಫೆಬ್ರವರಿಯಲ್ಲಿ ಆದದ್ದು. ಅದಕ್ಕೆ ಮೊದಲು ನಮ್ಮದು ಮೆಹಬೂಬನಗರ ಜಿಲ್ಲೆ, ಜನರ ಬಾಯಲ್ಲಿ ಪಾಲಮೂರು. ನಾರಾಯಣಪೇಟ, ಮಖ್ತಲ್, ಗದ್ವಾಲಗಳಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ಎರಡೂ ಆಡುವ ಕುಟುಂಬಗಳು ಇಂದಿಗೂ ಇವೆ. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಹಂಚಿಹೋದಾಗ ರಾಯಚೂರು ಜಿಲ್ಲೆಯಿಂದ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರು ತಾಲ್ಲೂಕುಗಳೂ ಆಂಧ್ರಪ್ರದೇಶಕ್ಕೆ ಸೇರಿದವು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಸೇರಿತು. ಹಾಗಾಗಿ 2015ರಲ್ಲಿ ನನಗೆ ಕಾಸರಗೋಡು ಜಿಲ್ಲೆಯ ಒಂದು ಶಾಖೆಗೆ ವರ್ಗವಾದಾಗ ತೀರಾ ಪರಸ್ಥಳಕ್ಕೆ ಬಂದಂತೆ ಅನಿಸಲಿಲ್ಲ. ಗಡಿಯ ಊರಿನವನು ಮತ್ತೊಂದು ಗಡಿಯ ಊರಿಗೆ ಬಂದಿದ್ದೆ, ಅಷ್ಟೆ.

ಇನ್ನು ಹಲ್ಲಿನ ವಿಷಯ. ನಮ್ಮ ಮನೆಯಲ್ಲಿ ಅದನ್ನು 'ಹಲ್ಲುಕಲ್ಲು' ಎನ್ನುತ್ತಿದ್ದರು. ಉದ್ದ ಮೂರು ಸೆಂಟಿಮೀಟರಿನಷ್ಟು; ಬಣ್ಣ ಹುರಿದ ಕಾಫಿಬೀಜದ್ದು; ಆಕಾರ ಒಂದು ಕಡೆಗೆ ವಾಲಿದ ತ್ರಿಕೋನ. ನಮ್ಮ ಆಯಿ, ಅಂದರೆ ತಂದೆಯ ತಾಯಿ, ಅದನ್ನು ಅರಿವೆಯ ಗಂಟಿನಲ್ಲಿ ಕಟ್ಟಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಮನೆಯ ಕೂಸುಗಳಿಗೆ ಹಲ್ಲು ಮೂಡುವಾಗ ಆ ಗಂಟನ್ನು ಉಡಿದಾರಕ್ಕೆ ಕಟ್ಟುತ್ತಿದ್ದರು. ನನಗೂ ಕಟ್ಟಿದ್ದರಂತೆ. ಆಯಿ ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ಹೈದರಾಬಾದಿನಲ್ಲಿ ತರಬೇತಿಗೆ ಹೋದಾಗ ಹಳೆಯ ಪುಸ್ತಕದಂಗಡಿಯಲ್ಲಿ ಒಂದು ಸಚಿತ್ರ ವಿಶ್ವಕೋಶ ತಿರುವುತ್ತಿದ್ದೆ. ಅದರ ಒಂದು ಪುಟದಲ್ಲಿ ನಮ್ಮ ಹಲ್ಲುಕಲ್ಲೇ ಇತ್ತು. ಕೆಳಗೆ 'ಶಾರ್ಕ್ ಹಲ್ಲು, ಪಳೆಯುಳಿಕೆ' ಎಂದಿತ್ತು. ಮನೆಯಲ್ಲಿದ್ದ ವಸ್ತು, ಆದ್ದರಿಂದ ಊರಿನ ಮಣ್ಣಿನದೇ ಎಂದು ನಾನು ತೀರ್ಮಾನಿಸಿದೆ. ಎಲ್ಲಿ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂದು ಯಾರನ್ನೂ ಕೇಳಲಿಲ್ಲ. ವೋಚರ್ ಇಲ್ಲದೆ ಖಾತೆಗೆ ಜಮಾ ಮಾಡಿದರೆ ನಮ್ಮ ಕೆಲಸದಲ್ಲಿ ಏನಾಗುತ್ತದೆಂದು ಬಲ್ಲವನು ನಾನು. ಆದರೂ ಹಾಗೆ ಮಾಡಿದೆ.

ಕಾಸರಗೋಡಿನ ಶಾಖೆಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿದ್ದ ಮಲಯಾಳಿ ಗೆಳೆಯರಿಗೆ ಒಂದು ದಿನ ಹಲ್ಲುಕಲ್ಲು ತೋರಿಸಿದೆ. ಅವರು ಕಡಲ ದಂಡೆಯವರು. "ಇದು ಸ್ರಾವಿನ ಪಲ್ಲ್ ಅಲ್ಲವೇ ಸಾರ್" ಎಂದರು, ಒಂದು ಕ್ಷಣವೂ ಯೋಚಿಸದೆ. ಶಾರ್ಕಿಗೆ ಮಲಯಾಳದಲ್ಲಿ ಸ್ರಾವ್, ಇಲ್ಲಿಯ ಕನ್ನಡ-ತುಳುವಿನಲ್ಲಿ ತಾಟೆ. ಹಲ್ಲಿಗೆ ಅವರು ಪಲ್ಲ್ ಎಂದದ್ದು ನನ್ನ ಕಿವಿಯಲ್ಲಿ ಉಳಿಯಿತು. ಹಳಗನ್ನಡದಲ್ಲೂ ಅದು ಪಲ್. ಮುಂದೆ ನಮ್ಮಲ್ಲಿ ಪಕಾರ ಹಕಾರವಾಗಿ ಹಲ್ಲು ಆಯಿತು. ನಾವು ಕಳೆದುಕೊಂಡ ಹಳೆಯ ರೂಪವನ್ನು ಪಕ್ಕದ ಮನೆಯವರು ದಿನದ ಬಳಕೆಯಲ್ಲಿ ಉಳಿಸಿಕೊಂಡಿದ್ದಾರೆ. ಶಬ್ದಗಳಲ್ಲೂ ಪಳೆಯುಳಿಕೆ ಇರುತ್ತದೆ.

ಮುಂದಿನ ಭಾನುವಾರ ಅವರು ಮೀನು ಮಾರುಕಟ್ಟೆಯಿಂದ ಒಂದು ಸಣ್ಣ ತಾಟೆಯ ದವಡೆ ತಂದುಕೊಟ್ಟರು. ಅದನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ನೋಡಿದಾಗ ಪುಸ್ತಕದಲ್ಲಿ ಓದಿದ್ದು ಕಣ್ಣಿಗೆ ಕಂಡಿತು. ತಾಟೆಯ ಹಲ್ಲು ನಮ್ಮ ಹಲ್ಲಿನಂತೆ ದವಡೆಯ ಮೂಳೆಯಲ್ಲಿ ನಾಟಿಲ್ಲ. ಒಳಗಡೆ ಸಾಲಿನ ಹಿಂದೆ ಸಾಲು ಮಲಗಿರುತ್ತವೆ. ಮುಂದಿನದು ಉದುರಿದರೆ ಹಿಂದಿನದು ಎದ್ದು ಬರುತ್ತದೆ. ಒಂದು ಶಾರ್ಕ್ ತನ್ನ ಆಯುಷ್ಯದಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಅದರ ಅಸ್ಥಿಪಂಜರವೋ ಮೃದ್ವಸ್ಥಿಯದು, ನಮ್ಮ ಕಿವಿಯ ಹಾಳೆಯಂತಹದು. ಸತ್ತ ಮೇಲೆ ಸಾಮಾನ್ಯವಾಗಿ ಕೊಳೆತುಹೋಗುತ್ತದೆ. ಹಲ್ಲು ಮಾತ್ರ ಉಳಿಯುತ್ತದೆ. ಶಾರ್ಕುಗಳ ನಲವತ್ತು ಕೋಟಿಗೂ ಹೆಚ್ಚು ವರ್ಷಗಳ ಇತಿಹಾಸದ ಬಹುಪಾಲನ್ನು ಬರೆದಿರುವುದು ಈ ಉದುರಿದ ಹಲ್ಲುಗಳಿಂದಲೇ.

ಈ ಹಲ್ಲುಗಳು ಶಾರ್ಕಿನವು ಎಂದು ಮನುಷ್ಯರಿಗೆ ಒಪ್ಪಿಗೆಯಾಗಲು ಬಹಳ ಕಾಲ ಬೇಕಾಯಿತು. ಯುರೋಪಿನವರು ಇವನ್ನು 'ನಾಲಿಗೆಕಲ್ಲು' ಎಂದು ಕರೆಯುತ್ತಿದ್ದರು. ಚಂದ್ರ ಕುಂದುವ ಹೊತ್ತಿನಲ್ಲಿ ಇವು ಆಕಾಶದಿಂದ ಬೀಳುತ್ತವೆ ಎಂಬ ನಂಬಿಕೆಯನ್ನು ಒಂದನೆಯ ಶತಮಾನದ ರೋಮಿನ ಪ್ಲಿನಿ ದಾಖಲಿಸಿದ್ದಾನೆ. ಮಾಲ್ಟಾ ದ್ವೀಪದಲ್ಲಿ ಇವು ಕಲ್ಲಾದ ಹಾವಿನ ನಾಲಿಗೆ, ವಿಷಕ್ಕೆ ಮದ್ದು ಎಂದು ನಂಬಿದ್ದರು. ಇಟಲಿಯ ಫೇಬಿಯೋ ಕೊಲೊನ್ನಾ 1616ರಲ್ಲಿಯೇ ಇವು ಶಾರ್ಕ್ ಹಲ್ಲು ಎಂದು ವಾದಿಸಿದ. 1666ರ ಅಕ್ಟೋಬರಿನಲ್ಲಿ ಲಿವೊರ್ನೋ ಬಂದರಿನ ಬಳಿ ಬೆಸ್ತರು ದೊಡ್ಡದೊಂದು ಶಾರ್ಕ್ ಹಿಡಿದರು. ಅದರ ತಲೆಯನ್ನು ಫ್ಲಾರೆನ್ಸಿಗೆ ತರಿಸಿಕೊಂಡ ದೊರೆ ಎರಡನೆಯ ಫರ್ಡಿನಾಂಡೋ, ಅದನ್ನು ಕೊಯ್ದು ನೋಡಲು ನೀಲ್ಸ್ ಸ್ಟೆನ್ಸನ್ ಎಂಬ ಡೆನ್ಮಾರ್ಕಿನ ವೈದ್ಯನಿಗೆ ಒಪ್ಪಿಸಿದ. ಲೋಕಕ್ಕೆ ಆತ ಸ್ಟೀನೋ ಎಂದೇ ಪರಿಚಿತ. 1667ರಲ್ಲಿ ಆತ ಪ್ರಕಟಿಸಿದ ವರದಿಯಲ್ಲಿ ಶಾರ್ಕಿನ ಹಲ್ಲನ್ನೂ ನಾಲಿಗೆಕಲ್ಲನ್ನೂ ಅಕ್ಕಪಕ್ಕದಲ್ಲಿ ಇಟ್ಟು ತೂಗಿದ. ಆಮೇಲೆ ಅವನಿಗೆ ಎದುರಾದ ಪ್ರಶ್ನೆ: ಸಮುದ್ರದ ಪ್ರಾಣಿಯ ಹಲ್ಲು ಬೆಟ್ಟದ ಬಂಡೆಯೊಳಗೆ ಹೇಗೆ ಬಂತು? ಇದಕ್ಕೆ ಉತ್ತರ ಹುಡುಕುತ್ತ 1669ರಲ್ಲಿ ಆತ ಬಂಡೆಯ ಪದರಗಳ ನಿಯಮ ಹೇಳಿದ. ಪದರಗಳು ಒಂದರ ಮೇಲೊಂದು ಕೂರುತ್ತವೆ. ಕದಲದೆ ಉಳಿದ ಕಡೆ ಕೆಳಗಿನದು ಹಳೆಯದು, ಮೇಲಿನದು ಹೊಸದು. ಭೂವಿಜ್ಞಾನಕ್ಕೆ ಅದು ಅಡಿಪಾಯವಾಯಿತು.

ನಮ್ಮ ಆಯಿ ಓದು ಬರಹ ಬಲ್ಲವರಲ್ಲ. ಆದರೆ ಅವರ ಮನೆಯಲ್ಲಿ ಅದನ್ನು ನಾಲಿಗೆ ಎನ್ನದೆ ಹಲ್ಲು ಎಂದೇ ಕರೆದರು ಎಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು.

ಭಾರತದಲ್ಲಿ ಇಂತಹ ಹಲ್ಲುಗಳನ್ನು ಮೊದಮೊದಲು ಕೂಡಿಸಿದವರು ವಿಜ್ಞಾನವನ್ನು ವೃತ್ತಿಯಾಗಿ ಮಾಡಿಕೊಂಡವರಲ್ಲ. ಪಾಂಡಿಚೇರಿ, ವೃದ್ಧಾಚಲ, ತಿರುಚಿನಾಪಳ್ಳಿಗಳ ಬಳಿ ಪಳೆಯುಳಿಕೆ ಆರಿಸಿ ಲಂಡನ್ನಿಗೆ ಕಳಿಸಿದ ಕೇ ಎಂಬವರು ಮದರಾಸು ಸರಕಾರದ ನೌಕರರು. ಕೇ ಮತ್ತು ಕನ್‌ಲಿಫ್ ಪಾಂಡಿಚೇರಿಯಲ್ಲಿ ಕೂಡಿಸಿದ ಮೀನಿನ ಅವಶೇಷಗಳನ್ನು ಸರ್ ಫಿಲಿಪ್ ಎಗರ್ಟನ್ 1845ರಲ್ಲಿ ವಿವರಿಸಿದರು. ಅವುಗಳಲ್ಲಿ ಶಾರ್ಕ್ ಹಲ್ಲುಗಳಿದ್ದವು. ಕೊಲ್ಲಮ್ಮಿನ ಸುಣ್ಣಕಲ್ಲಿನ ಪಳೆಯುಳಿಕೆಗಳನ್ನು ಹೊರಲೋಕಕ್ಕೆ ಮುಟ್ಟಿಸಿದವರು ತಿರುವಾಂಕೂರಿನ ರೆಸಿಡೆಂಟರಾಗಿದ್ದ ಜನರಲ್ ಕಲ್ಲೆನ್. ನಮ್ಮ ದಖ್ಖನಿನ ಕಡೆ ನಾಗಪುರದ ಪಾದ್ರಿ ಸ್ಟೀಫನ್ ಹಿಸ್ಲಾಪ್. ಗೋದಾವರಿಯ ಆಚೆ ಮಲೇರಿ ಎಂಬ ಹಳ್ಳಿಯ ಕೆಂಪು ಜೇಡಿಯಲ್ಲಿ ಆತನಿಗೆ ಬೀಸಣಿಗೆಯಂತಹ ಗೆರೆಗಳುಳ್ಳ ಹಲ್ಲುಗಳು ಸಿಕ್ಕಿದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಥಾಮಸ್ ಓಲ್ಡ್‌ಹ್ಯಾಮ್ 1859ರಲ್ಲಿ ಅವನ್ನು ಪರೀಕ್ಷಿಸಿ, ಅವು ಸಿರಟೋಡಸ್ ಎಂಬ ಮೀನಿನವು ಎಂದು ಬರೆದು, ಅದರ ಒಂದು ಪ್ರಭೇದಕ್ಕೆ ಹಿಸ್ಲಾಪರ ಹೆಸರಿಟ್ಟರು. ಹಿಸ್ಲಾಪ್ 1863ರ ಸೆಪ್ಟೆಂಬರಿನಲ್ಲಿ ಟಾಕಳಘಾಟಿನ ಹಳೆಯ ಕಲ್ಲುವೃತ್ತಗಳನ್ನು ನೋಡಿ ಹಿಂದಿರುಗುವಾಗ ಹಳ್ಳದಲ್ಲಿ ಮುಳುಗಿ ತೀರಿಕೊಂಡರು. 1988ರಲ್ಲಿ ವಿಕಾರಾಬಾದಿನ ಬಳಿಯ ನಸ್ಕಲ್ಲಿನಲ್ಲಿ ಡೈನೊಸಾರ್ ಕಾಲದ ಸಸ್ತನಿಯ ಹಲ್ಲುಗಳು ಸಿಕ್ಕಾಗ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅದಕ್ಕೂ ಹಿಸ್ಲಾಪರನ್ನೇ ನೆನೆದು ಹೆಸರಿಟ್ಟರು. ನಸ್ಕಲ್ ನಮ್ಮೂರಿಗೆ ಬಹಳ ದೂರವಲ್ಲ.

ಮಲೇರಿಯಲ್ಲಿ ಶಾರ್ಕೂ ಇತ್ತು. ಕೊಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯ ಎಸ್.ಎಲ್. ಜೈನ್ 1980ರಲ್ಲಿ ಅಲ್ಲಿಯ ಜೇಡಿಯಿಂದ ಬಂದ ಪುಟ್ಟ ಹಲ್ಲುಗಳನ್ನು ವಿವರಿಸಿದರು. ಎರಡು ಕಡೆಗೆ ಕೊಂಬಿನಂತೆ ಚಾಚಿದ ಎರಡು ಮೊನೆ, ನಡುವೆ ಸಣ್ಣದೊಂದು ಮೊನೆ. ಇದು ಕಡಲಿನ ಶಾರ್ಕಲ್ಲ, ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳ ಹಿಂದೆ ನದಿ ಕೆರೆಗಳಲ್ಲಿ ಇದ್ದದ್ದು. 1986ರಲ್ಲಿ ಪಿ. ಯಾದಗಿರಿ ಪ್ರಾಣಹಿತಾ-ಗೋದಾವರಿ ಕಣಿವೆಯ ಕೋಟಾ ಪದರಗಳಿಂದ ಮತ್ತೊಂದು ಪುಟ್ಟ ಶಾರ್ಕನ್ನು ವರದಿ ಮಾಡಿದರು. 1993ರಲ್ಲಿ ಪ್ರಸಾದ್ ಮತ್ತು ಫ್ರಾನ್ಸಿನ ಹೆನ್ರಿ ಕಪೆಟ್ಟಾ, ಮಾರೇಪಲ್ಲಿ ಹಾಗೂ ಆಸಿಫಾಬಾದಿನಲ್ಲಿ ಸಿಕ್ಕ ತೊರಕೆ ಮೀನಿನ ಚಪ್ಪಟೆ ಹಲ್ಲುಗಳಿಗೆ ಇಗ್ಡಬಾಟಿಸ್ ಇಂಡಿಕಸ್ ಎಂದು ಹೆಸರಿಟ್ಟರು. ತೊರಕೆ (ಮಲಯಾಳದ ತಿರಂಡಿ) ಶಾರ್ಕಿನ ದಾಯಾದಿ. ಇದೇ ಕುಲದ ಹಲ್ಲುಗಳು ಆಫ್ರಿಕದ ನೈಜರ್ ದೇಶದಲ್ಲಿ ಡೈನೊಸಾರ್ ಯುಗದ ಕೊನೆಯ ಪದರಗಳಲ್ಲಿ ಸಿಕ್ಕಿದ್ದವು. ದಖ್ಖನಿನ ಕಪ್ಪು ಬಸಾಲ್ಟ್ ಯಾವ ಕಾಲದಲ್ಲಿ ಉಕ್ಕಿ ಹರಿಯಿತು ಎಂಬ ದೊಡ್ಡ ಚರ್ಚೆಯಲ್ಲಿ ಈ ಪುಟ್ಟ ಹಲ್ಲುಗಳು ಸಾಕ್ಷಿ ಹೇಳಿದವು. ಲಾವಾ ಪದರಗಳ ಅಡಿಯಲ್ಲಿ, ನಡುವೆ ಯಾವ ಮಣ್ಣಿನಿಂದ ಅವು ಬಂದವು ಎಂದು ಖಚಿತವಾಗಿ ಬರೆದಿಟ್ಟಿದ್ದರಿಂದಲೇ ಆ ಸಾಕ್ಷಿಗೆ ಬೆಲೆ ಬಂತು.

ಇದನ್ನೆಲ್ಲ ಓದುತ್ತ ಓದುತ್ತ ನನಗೂ ಒಂದು ಹಲ್ಲು ಆರಿಸುವ ಆಸೆ ಹುಟ್ಟಿತು. ಕಾಸರಗೋಡಿನಲ್ಲಿ ನೆಲವೆಲ್ಲ ಮುರಕಲ್ಲು. ಅದರಲ್ಲಿ ಇಂತಹದು ಸಿಕ್ಕುವುದಿಲ್ಲ. ಕೊಲ್ಲಮ್ಮಿನ ಅಷ್ಟಮುಡಿ ಕಾಯಲಿನ ದಂಡೆಯಲ್ಲಿ ಪಡಪ್ಪಕ್ಕರ ಎಂಬ ಊರಿದೆ. ಅಲ್ಲಿಯ ದಡದ ಸುಣ್ಣಕಲ್ಲು ಮತ್ತು ಜೇಡಿ ಸುಮಾರು ಒಂದು ಮುಕ್ಕಾಲು ಕೋಟಿ ವರ್ಷ ಹಿಂದಿನ ಆಳವಿಲ್ಲದ ಕಡಲಿನವು. ಚಿಪ್ಪುಗಳಿಗೂ ಮೀನಿನ ಪಳೆಯುಳಿಕೆಗಳಿಗೂ ಹೆಸರಾದವು. 2016ರಲ್ಲಿ ಎರಡು ದಿನ ರಜೆ ಹಾಕಿ ಗೆಳೆಯರೊಡನೆ ರೈಲಿನಲ್ಲಿ ಹೊರಟೆ. ಬಂಡೆಗೆ ಸುತ್ತಿಗೆ ಹಾಕುವುದಿಲ್ಲ, ಕಳಚಿ ಬಿದ್ದದ್ದನ್ನು ಮಾತ್ರ ಮುಟ್ಟುವುದು ಎಂದು ಮೊದಲೇ ನಿಶ್ಚಯಿಸಿದ್ದೆವು. ಸಾಮಗ್ರಿ ದೊಡ್ಡದೇನಲ್ಲ: ಒಂದು ಹತ್ತುಪಟ್ಟಿನ ಕೈಮಸೂರ, ಹಿಟ್ಟಿನ ಜರಡಿ, ಹಳೆಯ ಹಲ್ಲುಜ್ಜುವ ಬ್ರಷ್, ಔಷಧಿ ಅಂಗಡಿಯ ಕಾಗದದ ಪೊಟ್ಟಣಗಳು. ಕುಸಿದ ಜೇಡಿಯನ್ನು ಬಕೆಟ್ಟಿನಲ್ಲಿ ನೆನೆಸಿ, ಜರಡಿಯಲ್ಲಿ ತೊಳೆದು, ಉಳಿದ ತರಿಯನ್ನು ಬಟ್ಟೆಯ ಮೇಲೆ ಹರಡಿ, ಬಿಸಿಲಿನಲ್ಲಿ ಒಣಗಿಸಿ ಒಂದೊಂದೇ ಕಾಳು ನೋಡಬೇಕು. ನಮ್ಮ ಕಡೆ ಹೆಂಗಸರು ಮೊರದಲ್ಲಿ ಕಲ್ಲು ಆರಿಸುವ ಹಾಗೆ.

ಮೊದಲ ದಿನ ಚಿಪ್ಪುಗಳೇ. ಮರುದಿನ ಮಧ್ಯಾಹ್ನ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಹೊಳಪಿನ ಮೊನೆಯೊಂದು ಕಂಡಿತು. ಗುರುತಿಸುವ ಕ್ರಮ ಆಗಲೇ ಕಲಿತಿದ್ದೆ. ಶಾರ್ಕ್ ಹಲ್ಲಿಗೆ ಎರಡು ಭಾಗ: ಮೇಲೆ ಗಾಜಿನಂತೆ ಹೊಳೆಯುವ ಮೊನೆ, ಕೆಳಗೆ ಮಂಕಾದ, ಸಣ್ಣ ರಂಧ್ರಗಳುಳ್ಳ ಬೇರು. ಬೇರು ಸಾಮಾನ್ಯವಾಗಿ ಎರಡು ಕವಲು. ಒಂದು ಮೈ ಚಪ್ಪಟೆ, ಇನ್ನೊಂದು ಉಬ್ಬು. ಮೊಸಳೆಯ ಹಲ್ಲಾದರೆ ಶಂಕುವಿನಂತೆ ದುಂಡಗೆ, ಬುಡದಲ್ಲಿ ಟೊಳ್ಳು. ಬರಿಯ ಕಲ್ಲಿನ ಚಕ್ಕೆಯಾದರೆ ಮೊನೆಗೂ ಬುಡಕ್ಕೂ ಒಂದೇ ಮೈ. ಹೊಳಪು ಎಲ್ಲಿ ನಿಲ್ಲುತ್ತದೆ ಎಂಬ ಗೆರೆಯೇ ಇರುವುದಿಲ್ಲ. ಬಣ್ಣವನ್ನು ನಂಬಬಾರದು. ಹೊಸ ಹಲ್ಲು ಬೆಳ್ಳಗಿರುತ್ತದೆ, ಪಳೆಯುಳಿಕೆ ಬಹುಮಟ್ಟಿಗೆ ಕಂದು, ಬೂದಿ ಇಲ್ಲವೆ ಕಪ್ಪು. ಆದರೆ ಅದು ಹೂತಿದ್ದ ಮಣ್ಣಿನ ಖನಿಜದ ಬಣ್ಣವೇ ಹೊರತು ವಯಸ್ಸಿನ ಅಳತೆಯಲ್ಲ. ಜಾತಿ ತಿಳಿಯಬೇಕಾದರೆ ಅಂಚು ನೋಡಬೇಕು: ನಯವೋ, ಗರಗಸವೋ; ಗರಗಸ ತುದಿಯವರೆಗೂ ಇದೆಯೋ; ಪಕ್ಕದಲ್ಲಿ ಮರಿಮೊನೆಗಳಿವೆಯೋ. ಒಂದೇ ಶಾರ್ಕಿನ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ವ್ಯತ್ಯಾಸವಿರುವುದರಿಂದ ಅವಸರದಲ್ಲಿ ಒಂದನ್ನೇ ಎರಡು ಜಾತಿ ಮಾಡುವ ಅಪಾಯವೂ ಉಂಟು.

ಆ ದಿನ ಒಟ್ಟು ಮೂರು ಹಲ್ಲು ಸಿಕ್ಕಿದವು. ಮಳೆ ಹನಿಯತೊಡಗಿದ್ದರಿಂದ ಮೂರನ್ನೂ ಒಂದೇ ಪೊಟ್ಟಣಕ್ಕೆ ಹಾಕಿ ಜೇಬಿಗೆ ಸೇರಿಸಿ ದೋಣಿ ಹತ್ತಿದೆವು.

ನಾನು ಊರ ಕಡೆಗೆ ಮರಳಿ ವರ್ಗವಾದದ್ದು 2018ರಲ್ಲಿ. ಗದ್ವಾಲದಲ್ಲಿ ನೆಲೆಸಿದ್ದ ಒಬ್ಬ ನಿವೃತ್ತ ಭೂವಿಜ್ಞಾನದ ಅಧ್ಯಾಪಕರ ಪರಿಚಯವಾಯಿತು. ಪೊಟ್ಟಣವನ್ನೂ ಹಲ್ಲುಕಲ್ಲನ್ನೂ ಹಿಡಿದು ಅವರ ಮನೆಗೆ ಹೋದೆ. ಮೊದಲು ಪೊಟ್ಟಣ ಬಿಚ್ಚಿದರು. "ಮೂರೂ ಒಂದೇ ಪದರದ್ದೇನು?" ಎಂದು ಕೇಳಿದರು. ಒಂದು ದಡದ ಬುಡದ ಜೇಡಿಯದು, ಎರಡು ನೀರಿನ ಅಂಚಿನಲ್ಲಿ ಬಿದ್ದದ್ದು ಎಂದೆ. "ಯಾವುದು ಯಾವುದು?" ಎಂದರು. ನನಗೆ ಹೇಳಲಾಗಲಿಲ್ಲ. ಅವರು ಮುಖ ಸಿಂಡರಿಸಲಿಲ್ಲ, ಬೈಯಲೂ ಇಲ್ಲ. "ನೋಡಲಿಕ್ಕೆ ಚೆಂದ ಅವ, ಇಟ್ಟುಕೊಳ್ರಿ" ಎಂದು ಪೊಟ್ಟಣ ಮಡಚಿ ಕೊಟ್ಟರು. ವಿಳಾಸ ಕಳೆದ ಹಲ್ಲು ಶೋಕೇಸಿನ ವಸ್ತು ಮಾತ್ರ ಎಂಬುದು ನನಗೆ ಆಗ ಅರ್ಥವಾಯಿತು. ಅಂದಿನಿಂದ ಒಂದು ಹಲ್ಲಿಗೆ ಒಂದು ಪೊಟ್ಟಣ, ಪೊಟ್ಟಣಕ್ಕೆ ಒಂದು ನಂಬರು, ನಂಬರಿಗೆ ನೋಟುಬುಕ್ಕಿನಲ್ಲಿ ಒಂದು ಸಾಲು: ಊರು, ಜಾಗ, ಪದರ, ನೆಲದಿಂದ ಎತ್ತರ, ತಾರೀಖು, ಆರಿಸಿದವರ ಹೆಸರು. ಅಲ್ಲಿ ನಿಂತೇ ಬರೆಯಬೇಕು. ಮನೆಗೆ ಬಂದು ನೆನಪಿನಿಂದ ಬರೆದದ್ದು ನಡೆಯುವುದಿಲ್ಲ.

ಆಮೇಲೆ ಅವರು ಹಲ್ಲುಕಲ್ಲನ್ನು ಕೈಗೆ ತೆಗೆದುಕೊಂಡರು. ಕಿಟಕಿಯ ಬಳಿ ಬಹಳ ಹೊತ್ತು ನೋಡಿದರು. ಅಂಚಿನಲ್ಲಿ ದಪ್ಪ ದಪ್ಪ ಗರಗಸ. ಆದರೆ ತುದಿಗೆ ತುಸು ಮೊದಲೇ ಗರಗಸ ನಿಂತು ತುದಿ ನಯವಾಗಿದೆ. "ಹೆಮಿಪ್ರಿಸ್ಟಿಸ್. ಮೇಲಿನ ದವಡೆಯದು" ಎಂದರು. ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ 1833ರಿಂದ 1843ರವರೆಗೆ ಹೊರತಂದ ಪಳೆಯುಳಿಕೆ ಮೀನುಗಳ ಮಹಾಗ್ರಂಥದಲ್ಲಿ ಬಂದ ಹೆಸರು ಅದು. ಈ ಬಗೆಯ ಹಲ್ಲುಗಳು ಜಗತ್ತಿನಾದ್ಯಂತ ಮಯೋಸೀನ್ ಕಾಲದ, ಅಂದರೆ ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷ ಹಿಂದಿನ, ಕಡಲ ಪದರಗಳಲ್ಲಿ ಹೇರಳ. ಇದರ ಒಂದು ಸಂಬಂಧಿ ಹಿಂದೂ ಮಹಾಸಾಗರದಲ್ಲಿ ಇಂದಿಗೂ ಇದೆ.

"ಹಾಗಾದರೆ ಗುಂಡುಮಾಲಿನಲ್ಲಿ ಮಯೋಸೀನ್ ಸಮುದ್ರ..." ಎಂದು ನಾನು ಆರಂಭಿಸಿದೆ.

"ಎಲ್ಲಿಯ ಸಮುದ್ರರೀ?" ಎಂದು ನಕ್ಕರು. ನಂತರ ಕಾಗದದ ಮೇಲೆ ನಮ್ಮ ಸೀಮೆಯ ನಕ್ಷೆ ಬರೆದು ತೋರಿಸಿದರು. ಮಖ್ತಲ್, ನಾರಾಯಣಪೇಟ, ಗದ್ವಾಲಗಳ ನೆಲದ ಬಹುಭಾಗ ಗ್ರಾನೈಟು ಮತ್ತು ನೈಸ್ ಶಿಲೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮುಡುಮಾಲಿನಲ್ಲಿ ನಮ್ಮ ಹಿರಿಯರು ನೆಟ್ಟ ಎತ್ತರದ ನಿಲುಗಲ್ಲುಗಳೂ ಇದೇ ಜಾತಿಯವು. ಈ ಶಿಲೆಗಳು ಆದಾಗ ಮೀನು ಎಂಬ ಜೀವವೇ ಇರಲಿಲ್ಲ. ಉತ್ತರಕ್ಕೆ ತಾಂಡೂರಿನ ನಾಪೆಕಲ್ಲು ಉಂಟು, ಭೀಮಾ ಪದರದ್ದು. ಅದು ನೀರಿನಡಿಯಲ್ಲಿ ಆದದ್ದೇ, ಅಲ್ಲಿ ಆಳವಿಲ್ಲದ ಸಮುದ್ರವಿತ್ತು. ಆದರೆ ಅದೂ ಮೀನುಗಳಿಗಿಂತ ಹಿಂದಿನದು. ಆಚೆಯ ಬಸಾಲ್ಟಿನ ಕಾಲ ಸುಮಾರು 6.6 ಕೋಟಿ ವರ್ಷ ಹಿಂದೆ. ಅದರ ನಡುವಿನ ಮಣ್ಣು ಹೆಚ್ಚಾಗಿ ಕೆರೆ ಕುಂಟೆಗಳದು. ಹೆಮಿಪ್ರಿಸ್ಟಿಸ್ ಈಜಾಡಿದ ಮಯೋಸೀನ್ ಕಾಲಕ್ಕೆ ನಮ್ಮ ಸೀಮೆ ಒಣನೆಲ. ಆ ಕಾಲದ ಕಡಲ ಪದರಗಳು ಭಾರತದ ಅಂಚಿನಲ್ಲಿವೆ: ಕಚ್ಛ್, ಕಾಠಿಯಾವಾಡ, ಒಡಿಶಾದ ಬಾರಿಪದಾ, ಕೇರಳದ ಕೊಲ್ಲಂ. "ಹಲ್ಲು ಖರೆ ಅದ. ಊರು ಸುಳ್ಳು" ಎಂದರು.

ಸ್ಮರಣ ಸಂಚಿಕೆಯ ಎರಡು ಪುಟ, ರಸಪ್ರಶ್ನೆ, ಮಕ್ಕಳ ಒಕ್ಕೊರಲು ಎಲ್ಲ ಒಮ್ಮೆಗೇ ನೆನಪಾದವು. ಬಸ್ಸಿನಲ್ಲಿ ಹಿಂದಿರುಗುವಾಗ ಹಲ್ಲುಕಲ್ಲನ್ನು ಕಿಟಕಿಯಿಂದ ಎಸೆದುಬಿಡೋಣ ಎಂದೂ ಒಂದು ಕ್ಷಣ ಅನಿಸಿತು. ಹಾಗೆ ಮಾಡದಿದ್ದುದು ಒಳ್ಳೆಯದಾಯಿತು. ಮಖ್ತಲ್ಲಿನಲ್ಲಿ ಇಳಿದು ಸೋದರತ್ತೆಯ ಮನೆಗೆ ಹೋದೆ. ಅವರಿಗೆ ಆಗ ಎಂಬತ್ತರ ಹತ್ತಿರ. ಹಲ್ಲುಕಲ್ಲನ್ನು ಕಂಡೊಡನೆ ಗುರುತು ಹಿಡಿದರು.

"ಇದು ನಮ್ಮಪ್ಪ ತಂದದ್ದಲ್ಲೇನೋ!" ಎಂದರು.

"ಹೊಲದಾಗ ಸಿಕ್ಕದ್ದಲ್ಲೇನು ಅತ್ತಿ?"

"ಹೊಲ ಎಲ್ಲಿತ್ತೋ ಆಗ ನಮಗ? ಮಣ್ಣು ಕೆಲಸಕ್ಕ ಹೋಗಿದ್ದ. ಮೇಸ್ತ್ರಿ ಕರಕೊಂಡು ಹೋದವ ಎರಡು ವರ್ಷ ಕಳಿಸಲಿಲ್ಲ. ನೆಲ ಕಡಿಯಾಗ ಸಿಕ್ಕಿತಂತ. ಅಲ್ಲಿ ಕುಡಿಯೋ ನೀರೂ ಉಪ್ಪೇ ಇತ್ತಂತ, ಬಂದ ಮ್ಯಾಲ ಅದನ್ನೇ ಹೇಳ್ತಿದ್ದ."

ಯಾವ ಊರು ಎಂದು ಕೇಳಿದೆ. ಅತ್ತೆಗೆ ಗೊತ್ತಿರಲಿಲ್ಲ. ರೈಲಿನಲ್ಲಿ ಮೂರು ದಿನ ಎಂದಷ್ಟೇ ನೆನಪು. ತಾನು ಆಗ ಲಂಗದ ಹುಡುಗಿ ಎಂದರು. ಲೆಕ್ಕ ಹಾಕಿದರೆ 1950ರ ದಶಕ.

ಪಾಲಮೂರು ಕೂಲಿ ಎಂದರೆ ಏನೆಂದು ಇಲ್ಲಿಯ ಓದುಗರಿಗೆ ಎರಡು ಮಾತು ಹೇಳಬೇಕು. ನಮ್ಮದು ಮಳೆ ನೆಚ್ಚಿದ ಬರಸೀಮೆ. ಕೃಷ್ಣೆ ನಮ್ಮ ಎದುರಿಗೇ ಹರಿದರೂ ಬಹುಪಾಲು ಹೊಲಗಳಿಗೆ ಅದರ ನೀರಿಲ್ಲ. ಮೇಸ್ತ್ರಿಗಳು ಮನೆಮನೆಗೆ ಮುಂಗಡ ಕೊಟ್ಟು ಗುಂಪು ಕಟ್ಟಿ, ದೇಶದ ಮೂಲೆ ಮೂಲೆಗೆ ಮಣ್ಣು ಕಡಿಯಲು ಕರೆದೊಯ್ಯುತ್ತಿದ್ದರು. ಅಣೆಕಟ್ಟು, ಕಾಲುವೆ, ರೈಲುದಾರಿ ಎಲ್ಲಿ ಕಟ್ಟಿದರೂ ಪಾಲಮೂರಿನವರ ಗುದ್ದಲಿ ಅಲ್ಲಿತ್ತು. ಮುಂಗಡ ತೀರುವವರೆಗೆ ಊರಿಗೆ ಮರಳುವಂತಿರಲಿಲ್ಲ. ಅವರು ಕಟ್ಟಿದ ಕಟ್ಟೆಗಳಿಗೆ ಉದ್ಘಾಟನೆಯ ಕಲ್ಲುಗಳಿವೆ. ಆ ಕಲ್ಲುಗಳ ಮೇಲೆ ಅವರ ಹೆಸರಿಲ್ಲ. ಊರೂರಿನ ಹಾಜರಿ ಪುಸ್ತಕಗಳು ಮೇಸ್ತ್ರಿಗಳೊಂದಿಗೇ ಹೋದವು. ನಮ್ಮ ಮುತ್ಯಾ ಎರಡು ವರ್ಷ ಎಲ್ಲಿ ದುಡಿದ ಎಂಬುದಕ್ಕೆ ನಮ್ಮ ಬಳಿ ಒಂದು ಚೀಟಿಯಿಲ್ಲ. ಉಳಿದಿರುವ ದಾಖಲೆ ಈ ಹಲ್ಲು ಒಂದೇ.

ಹತ್ತು ವರ್ಷ ನಾನು ಈ ಹಲ್ಲನ್ನು ಸಮುದ್ರ ಗುಂಡುಮಾಲಿಗೆ ಬಂದದ್ದಕ್ಕೆ ಸಾಕ್ಷಿಯಾಗಿ ತೋರಿಸಿದ್ದೆ. ಅದು ನಿಜವಾಗಿ ಸಾಕ್ಷಿ ಹೇಳುತ್ತಿದ್ದುದು ಗುಂಡುಮಾಲಿನ ಮನುಷ್ಯ ಸಮುದ್ರದವರೆಗೆ ಹೋದದ್ದಕ್ಕೆ. ಅವನು ಎರಡು ವರ್ಷದ ದುಡಿಮೆಯಲ್ಲಿ ಮನೆಗೆ ಎಷ್ಟು ದುಡ್ಡು ತಂದನೋ ಅತ್ತೆಗೆ ನೆನಪಿಲ್ಲ. ಹಲ್ಲು ತಂದದ್ದು ನೆನಪಿದೆ.

ಹಲ್ಲುಗಳು ಮನುಷ್ಯರ ಜೊತೆ ಹೀಗೆ ಪ್ರಯಾಣ ಮಾಡುವುದು ಹೊಸದೇನೂ ಅಲ್ಲ. ಜೆರುಸಲೇಮಿನ ಹಳೆಯ ಭಾಗದ ಉತ್ಖನನದಲ್ಲಿ, ಸುಮಾರು ಮೂರು ಸಾವಿರ ವರ್ಷ ಹಿಂದೆ ತುಂಬಿದ ಮಣ್ಣಿನಲ್ಲಿ 29 ಶಾರ್ಕ್ ಹಲ್ಲುಗಳು ಸಿಕ್ಕಿದ್ದವು. ಊಟದ ಮೀನಿನವೆಂದು ಮೊದಲು ಭಾವಿಸಿದ್ದರು. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಥಾಮಸ್ ಟ್ಯೂಟ್ಕೆನ್ ಮತ್ತು ಸಂಗಡಿಗರು ಪರೀಕ್ಷಿಸಿ, ಅವು ಸುಮಾರು ಎಂಟು ಕೋಟಿ ವರ್ಷ ಹಳೆಯವು, ಹತ್ತಾರು ಮೈಲಿ ದೂರದಿಂದ ಯಾರೋ ತಂದವು ಎಂದು 2021ರಲ್ಲಿ ತಿಳಿಸಿದರು. ಯಾರು, ಏಕೆ ತಂದರೋ ತಿಳಿಯದು. ಬಹುಶಃ ಅಲ್ಲಿಯೂ ಒಬ್ಬ ಮುತ್ಯಾ ಇದ್ದಿರಬೇಕು. ಇಂದು ಮೊರಾಕ್ಕೊದ ಫಾಸ್ಫೇಟ್ ಗಣಿಗಳ ಶಾರ್ಕ್ ಹಲ್ಲುಗಳು ಪ್ರಪಂಚದ ಎಲ್ಲ ಕಡೆಯ ಅಂಗಡಿಗಳಲ್ಲಿ ಮಾರಾಟವಾಗುತ್ತವೆ. ನಾಳೆ ಯಾವನಾದರೂ ಅಂತಹದೊಂದನ್ನು ಮಡಿಕೇರಿಯಲ್ಲೋ ವಯನಾಡಿನಲ್ಲೋ ಕಂಡು, ನನ್ನಂತೆಯೇ ಎರಡು ಪುಟ ಬರೆದಾನು.

ಶಾಲೆಗೆ ತಿದ್ದುಪಡಿಯ ಪತ್ರ ಬರೆದೆ. ಆಮೇಲೆ ಸ್ವತಃ ಹೋದೆ. ಸಮುದ್ರ ಹೋಯಿತೆಂದು ಮಕ್ಕಳಿಗೆ ಬೇಸರವಾದೀತು ಎಂದುಕೊಂಡಿದ್ದೆ. ಮುತ್ಯಾನ ಕತೆ ಹೇಳಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ತನ್ನ ತಂದೆಯೂ ಈಗ ಕೆಲಸಕ್ಕೆ ಹೋಗಿದ್ದಾರೆ, ಅಲ್ಲಿಂದ ಬಣ್ಣದ ಕಲ್ಲೊಂದನ್ನು ತಂದುಕೊಟ್ಟಿದ್ದಾರೆ ಎಂದ. ಯಾವ ಊರಿನ ಕಲ್ಲು ಎಂದು ಕೇಳಿದೆ. ಗೊತ್ತಿಲ್ಲ ಎಂದ. ತಂದೆಗೆ ಫೋನು ಮಾಡಿ ಕೇಳಿ, ಚೀಟಿಯಲ್ಲಿ ಬರೆದು ಕಲ್ಲಿನ ಜೊತೆ ಇಡು ಎಂದು ಹೇಳಿ ಬಂದೆ.

ಹಲ್ಲುಕಲ್ಲು ಈಗ ನನ್ನ ಮೇಜಿನ ಡಬ್ಬಿಯಲ್ಲಿದೆ. ನೋಟುಬುಕ್ಕಿನಲ್ಲಿ ಅದಕ್ಕೆ ಒಂದನೆಯ ನಂಬರು. ಎದುರಿಗೆ ಹೀಗೆ ಬರೆದಿದೆ: ಹೆಮಿಪ್ರಿಸ್ಟಿಸ್, ಮೇಲಿನ ದವಡೆ. ಬಹುಶಃ ಮಯೋಸೀನ್. ಆರಿಸಿದವರು ನಮ್ಮ ಮುತ್ಯಾ, ಗುಂಡುಮಾಲ್, ಮಣ್ಣು ಕೆಲಸದ ಕೂಲಿ. 1950ರ ದಶಕ. ರೈಲಿನಲ್ಲಿ ಮೂರು ದಿನದ ದಾರಿ, ನೀರು ಉಪ್ಪು. ಸ್ಥಳ ಎಂಬ ಕಡೆ ಖಾಲಿ ಬಿಟ್ಟಿದ್ದೇನೆ.

ಈ ವಾರ್ಷಿಕವನ್ನು ಓದುವವರಲ್ಲಿ ಕರಾವಳಿಯ ಬಂದರು, ಸೇತುವೆ, ರೈಲುದಾರಿಗಳಲ್ಲಿ ಹಿಂದೆ ದುಡಿದವರಿರಬಹುದು. ಅಥವಾ ಅವರ ಮಕ್ಕಳಿರಬಹುದು. ಪಾಲಮೂರಿನ ಗುಂಪುಗಳು ಕಡಲ ಹತ್ತಿರ ಎಲ್ಲಿ ಮಣ್ಣು ಕಡಿದವು ಎಂದು ಯಾರಿಗಾದರೂ ನೆನಪಿದ್ದರೆ ಸಂಪಾದಕರ ಮೂಲಕ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ. ಕನ್ನಡದಲ್ಲಾಗಲಿ ಮಲಯಾಳದಲ್ಲಾಗಲಿ ಬರೆಯಬಹುದು. ಓದಿ ಹೇಳಲು ನನ್ನ ಹಳೆಯ ಕೌಂಟರಿನ ಗೆಳೆಯರಿದ್ದಾರೆ.